ಚೀನಾದವರು ಬೀಗ ಹಾಕಿದ ಶ್ರಾವಣ

ಮೊನ್ನೆ ನಮ್ಮ ಎದುರುಮನಿಯ ಇಸ್ತ್ರಿ ಅಂಗಡಿಯವನು ಫೋನಿನಲ್ಲಿ ಹರಟುತ್ತಾ ಯಾರದೋ ಜೀನ್ಸ್ ಪ್ಯಾಂಟಿನ ಮೇಲೆ ಪೆಟ್ಟಿಗೆ ಹಂಗೇ ಬಿಟ್ಟುಬಿಟ್ಟ. ನಾನು ಕುರುಗೋಡಿನಲ್ಲಿ ಮಗನ ಮನಿ ಕಟ್ಟೆ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದೆ. ಸುಟ್ಟ ವಾಸನಿ ಬಂತು. ಬರೀ ಅರಿವೆ ಸುಟ್ಟ ವಾಸನಿ ಅಲ್ಲ, ಕೂದಲು ಸುಟ್ಟ ವಾಸನಿಯೂ ಅಲ್ಲ, ಎರಡೂ ಕೂಡಿ ಅದರಲ್ಲಿ ನೀಲಿ ಬಣ್ಣ ಬೆಂದ ವಾಸನಿ. ಅಂಗಡಿಯವನು ತಲಿ ಮೇಲೆ ಕೈ ಹೊತ್ತು ಕೂತ. ನನ್ನ ಮೂಗಿಗೆ ಮಾತ್ರ ಅದು ಹಿತವಾಗಿತ್ತು. ಒಳಗಿಂದ ಸೊಸಿ, "ಅತ್ತಿ, ಏನು ಸುಡಾಕ ಹತ್ತೈತಿ?" ಅಂದಳು. "ಏನಿಲ್ಲ, ಯಾರದೋ ಪ್ಯಾಂಟು" ಅಂದೆ. ಅಷ್ಟೊತ್ತಿಗೆ ನಾನು ಬಳ್ಳಾರಿಗೆ ಹೋಗಿಬಿಟ್ಟಿದ್ದೆ, ಹೋದ ವರ್ಷದ ಶ್ರಾವಣಕ್ಕೆ.

ಆಗ ನಾನು ಬಳ್ಳಾರಿಯಲ್ಲಿದ್ದೆ. ನನ್ನ ತಂಗಿಯ ಮಗಳು ನಾಗವೇಣಿ ಅಲ್ಲಿ ಜೀನ್ಸ್ ಹೊಲಿಸುತ್ತಾಳೆ. ಬಳ್ಳಾರಿಯ ಓಣಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಒಂದು ಮನಿ ಬಿಟ್ಟು ಒಂದು ಮನಿಯಲ್ಲಿ ಹೊಲಿಗೆ ಮಷೀನು ಗುರ್ ಅನ್ನುತ್ತಿರುತ್ತದೆ, ಮಾಳಿಗೆ ಮೇಲೆಲ್ಲ ಪ್ಯಾಂಟುಗಳು ಕಾಲು ಇಳಿಬಿಟ್ಟು ಒಣಗುತ್ತಿರುತ್ತವೆ. ನನ್ನ ಕೆಲಸ ಹೊಸ ಪ್ಯಾಂಟನ್ನು ಹಳೇದು ಮಾಡುವುದು. ನಗಬ್ಯಾಡ್ರಿ, ಅದೂ ಒಂದು ಕಸಬು. ಪ್ಯಾಂಟನ್ನು ಮರದ ಕಾಲಿಗೆ ಏರಿಸಿ, ಬಡಿಗ್ಯಾರು ಬಾಗಿಲು ನುಣುಪು ಮಾಡುವ ಉಸುಕಿನ ಕಾಗದ ಹಿಡಿದು ತೊಡೆ ಹತ್ತಿರ, ಮೊಳಕಾಲ ಹತ್ತಿರ ತಿಕ್ಕಬೇಕು. ವರ್ಷಗಟ್ಟಲೆ ಉಟ್ಟು ಸವೆದಂಗೆ ಕಾಣಬೇಕು. ಹೊಸದಕ್ಕಿಂತ ಸವೆದದ್ದಕ್ಕೆ ಬೆಲೆ ಹೆಚ್ಚು. ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ, ತಿಳಿದುಕೊಳ್ಳುವ ಗರಜೂ ಬೀಳಲಿಲ್ಲ. ಸಂಜಿಗೆ ಉಗುಳಿದರೆ ಉಗುಳು ನೀಲಿ, ಮೂಗು ಸೀಟಿದರೆ ಸೆರಗು ನೀಲಿ. ನನ್ನ ಜೋಡಿ ತಿಕ್ಕುತ್ತಿದ್ದ ಹೊನ್ನೂರಮ್ಮ ಹೇಳುತ್ತಿದ್ದಳು, "ಅಕ್ಕ, ನಾವು ಸತ್ತಮ್ಯಾಲೆ ನೀಲಕಂಠನ ಬಾಜೂಕ ಜಾಗ ಐತಿ ಬಿಡು. ಗಂಟಲಾಗ ಅವನಿಗೆ ಎಷ್ಟು ನೀಲಿ ಐತೋ ನಮಗೂ ಅಷ್ಟ ಐತಿ."

ನಾಗವೇಣಿ ಮೊದಲು ಒಬ್ಬ ಸಾವ್ಕಾರನ ಕೈಕೆಳಗೆ ಇದ್ದಳು. ಅವನು ಬಟ್ಟೆ ಕೊಡುವುದು, ಇವಳು ಹೊಲಿದು ಕೊಡುವುದು, ಕೂಲಿ ಅವನು ಹೇಳಿದಷ್ಟು. ಕೆಟ್ಟ ಮನುಷ್ಯ ಅಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದ, ಜ್ವರ ಬಂದರೆ ಆಳು ಕಳಿಸಿ ಕೇಳುತ್ತಿದ್ದ. ಆದರೆ ಯಾವ ಪ್ಯಾಂಟು ಎಲ್ಲಿಗೆ ಹೋಗುತ್ತದೆ, ಏನು ಬೆಲೆಗೆ ಹೋಗುತ್ತದೆ ಅಂತ ಕೇಳಿದರೆ ಮುಖ ಗಂಟು ಹಾಕುತ್ತಿದ್ದ. ಇವಳು ಒಂದು ಯುಗಾದಿಗೆ, "ಸಾವ್ಕಾರ್ರ, ನಾನು ಸ್ವಂತ ಮಾಡ್ತೀನ್ರಿ" ಅಂತ ಹೇಳಿ ಬಂದುಬಿಟ್ಟಳು. ಬಟ್ಟೆ ಕತ್ತರಿಸುವ ಮೌಲಾ ಮಾಸ್ತರನೂ ಇವಳ ಹಿಂದೆ ಬಂದ. ಅವನು ಅಲ್ಲಿಗಿಂತ ಇಲ್ಲಿ ಕಡಿಮೆ ಕೂಲಿಗೆ ಯಾಕೆ ಬಂದ ಅಂತ ಕೇಳಿದರೆ, "ಇಲ್ಲಿ ಚಾ ಚಲೋ ಇರತೈತಿ" ಅನ್ನುತ್ತಿದ್ದ. ಚಾ ಮಾಡುತ್ತಿದ್ದವಳು ನಾನು. ಅದು ಸುಳ್ಳು ಅಂತ ನನಗೇ ಗೊತ್ತಿತ್ತು.

ಹೋದ ವರ್ಷ ಬ್ಯಾಸಗಿ ಮುಗಿಯುವ ಹೊತ್ತಿಗೆ ಚೆನ್ನೈ ಕಡೆಯ ಏಜೆಂಟ್ ಒಬ್ಬ ಬಂದ. ಅಮೆರಿಕಾದವರಿಗೂ ಚೀನಾದವರಿಗೂ ಜಿದ್ದು ಬಿದ್ದೈತಿ, ಅವರ ಮಾಲಿನ ಮೇಲೆ ಇವರು ತೆರಿಗೆ ಹಾಕಿದಾರೆ, ಇವರ ಮಾಲಿನ ಮೇಲೆ ಅವರು ಹಾಕಿದಾರೆ, ಚೀನಾದಲ್ಲಿ ಹೊಲಿಸುತ್ತಿದ್ದ ಒಂದು ಕಂಪನಿ ಈಗ ನಮ್ಮ ಕಡೆ ಹುಡುಕುತ್ತಾ ಇದೆ ಅಂದ. ಮೊದಲು ಒಂದು ಸಣ್ಣ ಲಾಟು ಮಾಡಿಕೊಡಿ, ಚಲೋ ಬಂದರೆ ಮುಂದೆ ನೋಡೋಣ ಅಂದ. ಕೋಣ ಎರಡು ಗುದ್ದಾಡಿದರೆ ಗಿಡಕ್ಕೆ ಸಾವು ಅಂತ ನಮ್ಮವ್ವ ಹೇಳುತ್ತಿದ್ದಳು. ಇಲ್ಲಿ ನೋಡಿದರೆ ಮೊದಲಿಗೆ ಗಿಡಕ್ಕೆ ನೀರೇ ಬಿತ್ತು.

ಅವನು ತಂದ ಅಳತೆ ನೋಡಿ ಮೌಲಾ ಬಟ್ಟೆ ಹಾಸಿ ಎಷ್ಟೋ ಹೊತ್ತು ನಿಂತ. "ಅಮ್ಮಾ, ಇದು ಪ್ಯಾಂಟಲ್ಲ, ಡೇರೆ. ಇದರಾಗ ಒಂದು ಸಂಸಾರ ಇರಬಹುದು" ಅಂದ.

"ಹೊಲಿಯೋದು ಹೊಲಿ. ಉಡೋರು ಅವರು" ಅಂದೆ.

ಆದರೆ ಏಜೆಂಟ್ ಒಂದು ಷರತ್ತು ಹಾಕಿದ. ಕೈಯಲ್ಲಿ ತಿಕ್ಕಿದ್ದು ನಡೆಯುವುದಿಲ್ಲ. ಧೂಳು ಎದಿಗೆ ಹೋಗುತ್ತದೆ, ಅಲ್ಲಿಯವರು ಒಪ್ಪುವುದಿಲ್ಲ, ಮೇಲಾಗಿ ಎಲ್ಲ ಪ್ಯಾಂಟೂ ಒಂದೇ ನಮೂನಿ ಇರಬೇಕು. ಲೇಸರ್ ಮಷೀನಿನಲ್ಲೇ ಸವೆಸಬೇಕು. ಯಾವ ಮಷೀನು ಅಂತ ಕೇಳಿದರೆ ಚೀನಾದ್ದು. ನಾನು ನಕ್ಕುಬಿಟ್ಟೆ. ಚೀನಾದಲ್ಲಿ ಹೊಲಿದ ಪ್ಯಾಂಟು ಬ್ಯಾಡ, ಚೀನಾದ ಮಷೀನು ಮಾತ್ರ ಬೇಕು. ಸವತಿ ಬ್ಯಾಡ, ಸವತಿ ಮಾಡಿದ ಅಡಿಗೆ ಬೇಕು ಅಂದಂಗಾಯಿತು.

ನಾಗವೇಣಿ ಬ್ಯಾಂಕಿಗೆ ಓಡಾಡಿದಳು, ಮಷೀನು ತರಿಸಿದಳು. ಅದರ ಜೊತೆಗೆ ಅದನ್ನು ಕೂಡಿಸಿಕೊಡುವ ಚೀನಾದ ಮನುಷ್ಯನೂ ಬರಬೇಕಿತ್ತು. ಮಷೀನಿನ ಪೆಟ್ಟಿಗೆಯನ್ನು ದೇಶದೊಳಗೆ ಬರಾಕ ಬಿಟ್ಟರು, ಮನುಷ್ಯನಿಗೆ ವೀಸಾ ಸಿಗಲಿಲ್ಲ. ಕಡೆಗೆ ತಿರುಪ್ಪೂರಿನಿಂದ ಒಬ್ಬ ಮೆಕ್ಯಾನಿಕ್ ಬಂದು ಕೂಡಿಸಿದ. ಮಷೀನು ಒಂದು ಕೋಣೆಯಷ್ಟು ಎತ್ತರ, ಮುಂದೆ ಬಾಗಿಲು ಇಲ್ಲದ ಬಾಗಿಲ ಚೌಕಟ್ಟು, ಅದರ ಒಳಗೆ ಪ್ಯಾಂಟು ಹಾಸುವ ಹಲಗೆ. ಅವನು ಒಂದು ಚಿಂದಿ ಬಟ್ಟೆ ಹಾಸಿ ನಡೆಸಿ ತೋರಿಸಿದ. ಮೇಲಿನಿಂದ ಬೆಳಕು ಸರ್ ಅಂತ ಓಡಿತು, ನೀಲಿ ಬಟ್ಟೆ ಮೇಲೆ ಬಿಳಿ ಸವೆತ ಬಂತು, ನಾನು ಅರ್ಧ ತಾಸು ತಿಕ್ಕುವುದನ್ನು ಅದು ಕಣ್ಣು ಪಿಳುಕಿಸುವಷ್ಟರಲ್ಲಿ ಮಾಡಿತು. ಹೊನ್ನೂರಮ್ಮ ನನ್ನ ಕಿವಿಯಲ್ಲಿ, "ಆತಲ್ಲ ನಮ್ಮದು" ಅಂದಳು. ನಾನೂ ಹಂಗೇ ಅಂದುಕೊಂಡೆ. ನಾಗವೇಣಿಗೆ ನಡೆಸುವುದನ್ನು ಕಲಿಸಿ ಅವನು ಊರಿಗೆ ಹೋದ.

ಮರುದಿನದಿಂದಲೇ ಶುರು ಮಾಡಬಹುದಿತ್ತು. ಆದರೆ ಶ್ರಾವಣದ ಸೋಮವಾರ ಎದುರಿಗಿತ್ತು. ಪೂಜಿ ಇಲ್ಲದೆ ಹೊಸ ಮಷೀನಿನ ಮೇಲೆ ಕೆಲಸದ ಬಟ್ಟೆ ಹಾಸುವುದು ನಮ್ಮಲ್ಲಿ ಇಲ್ಲ. ಸೋಮವಾರ ಅಯ್ಯನವರು ಬಂದರು. ನಿಂಬಿಹಣ್ಣು ಕಟ್ಟಿದರು, ಕಾಯಿ ಒಡೆದರು, ವಿಭೂತಿ ಗಟ್ಟಿ ನೀರಲ್ಲಿ ತೇದು ಮಷೀನಿನ ಹಣಿ ಮೇಲೆ ಮೂರು ಪಟ್ಟಿ ಎಳೆದರು. ಚೌಕಟ್ಟಿನ ಎರಡು ಕಂಬಕ್ಕೂ, ಬಾಗಿಲ ತೋಳಿಗೆ ಹಚ್ಚಿದಂಗೆ, ಮೂರು ಮೂರು ಪಟ್ಟಿ ಎಳೆದರು. ಅವರ ಹಿಂದೆ ನಾವೆಲ್ಲ ಹೆಣ್ಣುಮಕ್ಕಳು ನಮ್ಮ ನಮ್ಮ ಪಾಲಿನ ವಿಭೂತಿ, ಕುಂಕುಮ ಹಚ್ಚಿದೆವು. ಮಷೀನು ಅಂಬಾರಿ ಹೊತ್ತ ಆನೆ ಆಗಿತ್ತು. ಮಂಡಾಳ ಒಗ್ಗರಣೆ, ಮಿರ್ಚಿ ಎಲ್ಲರಿಗೂ ಹಂಚಿದೆವು.

ಆಮೇಲೆ ನಾಗವೇಣಿ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಪರದೆ ಮೇಲೆ ಚೀನಾದ ಅಕ್ಷರ ಬಂತು. ಬೆಳಕು ಬರಲಿಲ್ಲ. ಮತ್ತೆ ಒತ್ತಿದಳು. ಮತ್ತೆ ಕೆಂಪು ದೀಪ.

ತಿರುಪ್ಪೂರಿನವನಿಗೆ ಫೋನು ಮಾಡಿದರೆ, ಬಂದ್ ಮಾಡಿ ಮತ್ತೆ ಚಾಲೂ ಮಾಡ್ರಿ ಅಂದ. ಮಾಡಿದೆವು. ಆಗಲಿಲ್ಲ. ಬರತೀನಿ ಅಂದ. ಬರಲಿಲ್ಲ. ಆ ವಾರದಲ್ಲೇ ಅಮೆರಿಕಾದವರು ನಮ್ಮ ದೇಶದ ಮಾಲಿನ ಮೇಲೂ ತೆರಿಗೆ ಏರಿಸಿಬಿಟ್ಟಿದ್ದರು. ತಿರುಪ್ಪೂರಿನವರೆಲ್ಲ ಇದ್ದ ಮಾಲು ಹಡಗಿಗೆ ಹಾಕುವ ಗಡಿಬಿಡಿಯಲ್ಲಿದ್ದರು, ಅವನಿಗೆ ಅಲ್ಲಿಯೇ ಕೈತುಂಬ ಕೆಲಸ. ನಾವು ರಷ್ಯಾದವರ ಹತ್ತಿರ ಎಣ್ಣಿ ತಗೊಂಡಿದ್ದಕ್ಕೆ ಇದು ದಂಡ ಅಂತ ಟೀವಿಯಲ್ಲಿ ಹೇಳಿದರು. ಎಣ್ಣಿ ತಗೊಂಡವರು ಯಾರೋ, ದಂಡ ಪ್ಯಾಂಟಿಗೆ. ಏಜೆಂಟ್ ಫೋನು ಮಾಡಿ, ತಿಂಗಳ ಕೊನೆಗೆ ತೆರಿಗೆ ಇನ್ನೂ ಒಂದು ಮಟ್ಟ ಏರತೈತಿ, ಅದರೊಳಗೆ ಮಾಲು ಹಡಗು ಹತ್ತಿದರೆ ಉಂಟು, ಇಲ್ಲದಿದ್ದರೆ ಆರ್ಡರ್ ಇಲ್ಲ ಅಂದ.

ಮಷೀನು ಯಾಕೆ ನಿಂತಿತು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಚೀನಾದವರು ಅಲ್ಲಿಂದಲೇ ಬೀಗ ಹಾಕಿದಾರೆ. ಮೊದಲು ಹೇಳಿದವನು ಮೌಲಾ. "ಇದರಾಗ ಇಂಟರ್ನೆಟ್ ಐತಿ ಅಮ್ಮಾ. ನಾವು ಅಮೆರಿಕಾಕ್ಕ ಹೊಲಿತೀವಂತ ಅವರಿಗೆ ಗೊತ್ತಾಗೈತಿ. ಅವರ ಅನ್ನ ನಾವು ಕಸ್ಕೊಂಡ್ರ ಅವರು ಬಿಡ್ತಾರೇನು? ಅಲ್ಲಿ ಕೂತು ಟಪ್ ಅಂತ ಬಂದ್ ಮಾಡ್ಯಾರ."

ನಂಬದೆ ಇರಾಕ ಕಾರಣವೂ ಇರಲಿಲ್ಲ. ಅದೇ ಹೊತ್ತಿಗೆ ತವರೂರು ರಾರಾವಿಯಿಂದ ನನ್ನ ತಮ್ಮ ಫೋನು ಮಾಡಿದ್ದ. ಕಾಲುವಿಗೆ ನೀರು ಬಂದೈತಿ, ನಾಟಿ ಮುಗಿದೈತಿ, ಗೊಬ್ಬರ ಇಲ್ಲ, ಸಿರುಗುಪ್ಪದಲ್ಲಿ ಬೆಳಿಗ್ಗೆಯಿಂದ ಪಾಳಿ ನಿಂತು ಬರಿಗೈಯಲ್ಲಿ ಬಂದೆ ಅಂದ. ಯಾಕಪಾ ಅಂದರೆ, "ಚೀನಾದವರು ಕಳಿಸೋದು ನಿಲ್ಲಿಸ್ಯಾರಂತ ಅಕ್ಕ. ಅಂಗಡ್ಯಾವ ಹೇಳಿದ." ಗೊಬ್ಬರ ನಿಲ್ಲಿಸಿದವರು ಮಷೀನು ನಿಲ್ಲಿಸಲಾರರೇನು ಅಂತ ನಾನೂ ಅಂದುಕೊಂಡೆ. ಓಣಿಯವರು ಬಂದು ಬಂದು ಮಷೀನು ನೋಡಿ ಹೋದರು, ಹೆಣ ನೋಡಿ ಹೋದಂಗೆ. ಒಬ್ಬೊಬ್ಬರು ಒಂದೊಂದು ದೇಶವನ್ನು ಬೈದರು. ಮಷೀನು ನಿಂಬಿಹಣ್ಣು ಕಟ್ಟಿಕೊಂಡು ಸುಮ್ಮನೆ ನಿಂತಿತ್ತು. ದಿನಾ ಬೆಳಿಗ್ಗೆ ನಾಗವೇಣಿ ಅದರ ಧೂಳು ಹೊಡೆಯುತ್ತಿದ್ದಳು, ಪೂಜಿಯ ಗುರುತು ಬಿಟ್ಟು. ದೇವರ ಹೆಸರಲ್ಲಿ ಹಚ್ಚಿದ್ದನ್ನು ಕೈಯಾರೆ ಒರೆಸಬಾರದು, ಅದೇ ಉದುರಬೇಕು.

ತಿಕ್ಕುವ ಹೆಂಗಸರಲ್ಲಿ ಕೆಲವರಿಗೆ ಒಳಗೇ ಖುಷಿ. ಹೊನ್ನೂರಮ್ಮನಂತೂ ಮುಚ್ಚಿಡಲಿಲ್ಲ. "ಆ ಚೀನಾದಾವನ ಹೊಟ್ಟಿ ತಣ್ಣಗಿರಲಿ" ಅಂದಳು. ಒಂದು ಪ್ಯಾಂಟನ್ನು ತಾನೇ ಚಂದಾಗಿ ತಿಕ್ಕಿ, "ಇದನ್ನ ಫೋಟೋ ಹೊಡೆದು ಕಳಿಸವ್ವ ನಾಗಿ, ಒಪ್ಪದಿದ್ರ ನನ್ನ ಹೆಸರು ಬದಲಿಸು" ಅಂದಳು. ಕಳಿಸಿದರು. ಏಜೆಂಟ್ ನೋಡಿದ ಕೂಡಲೇ ಇದು ಕೈಯಲ್ಲಿ ತಿಕ್ಕಿದ್ದು ಅಂತ ವಾಪಸು ಹೇಳಿದ. ನಾನು ಅವಳಿಗೆ ಹೊಸ ಹೆಸರು ಏನಿಡೋಣ ಅಂತ ಕೇಳಿದೆ. ಎರಡು ದಿನ ಮಾತು ಬಿಟ್ಟಳು.

ಸಾವ್ಕಾರನ ಆಳು ಬಂದ. ಬಾಗಿಲಲ್ಲೇ ನಿಂತು, "ಸಾವ್ಕಾರ್ರು ಹೇಳಿ ಕಳಿಸ್ಯಾರವ್ವ. ಹಳೇ ಜಾಗ ಹಂಗೇ ಐತಂತ. ಹಳೇ ಕೂಲಿನೂ ಹಂಗೇ ಐತಂತ. ಮಷೀನು ಬೇಕಾದ್ರ ಅವರೇ ತಗೋತಾರಂತ" ಅಂದ.

ನಾಗವೇಣಿ, "ವಿಚಾರ ಮಾಡಿ ಹೇಳ್ತೀನಿ" ಅಂದಳು. ಅವಳು ಹಂಗೆ ಅಂದದ್ದು ನನಗೆ ಸೇರಲಿಲ್ಲ. ಆಳು ಹೋದ ಮೇಲೆ ಮರದ ಕಾಲಿನ ಪಕ್ಕ ಕೂತು, "ದೊಡ್ಡವ್ವ, ಸೋತೆ ಅನಸ್ತೈತಿ" ಅಂದಳು. ಅಳಲಿಲ್ಲ. ಅತ್ತಿದ್ದರೆ ಎರಡು ಬೈದು ಎಬ್ಬಿಸುತ್ತಿದ್ದೆ. ಸುಮ್ಮನೆ ಕೂತವಳನ್ನು ಏನು ಮಾಡುವುದು.

"ಚೀನಾದವರ ಜೋಡಿ ಮಾತಾಡಿದಿ ಏನು?" ಅಂತ ಕೇಳಿದೆ.

"ಬೀಗ ಹಾಕಿದವರನ್ನೇ ಕೇಳಲೇನು?"

"ಮತ್ತ ಯಾರನ್ನ ಕೇಳ್ತಿ? ಬೀಗದ ಕೈ ಅವರ ಹತ್ರ ಇದ್ರ ಅವರನ್ನೇ ಕೇಳಬೇಕು. ಕೇಳಿದ್ರ ನಾಲಿಗಿ ಉದುರತೈತೇನು?"

ಮೌಲಾ ಬ್ಯಾಡ ಅಂದ. ಫೋನು ಮಾಡಿದರೆ ನಾವು ಎಲ್ಲಿದೀವಿ ಅಂತ ಅವರಿಗೆ ಪಕ್ಕಾ ಆಗತೈತಿ ಅಂದ. "ಮಷೀನು ಮಾರಿದವರಿಗೆ ವಿಳಾಸ ಗೊತ್ತಿಲ್ಲೇನಲೇ" ಅಂತ ನಾನು ಬೈದೆ. ಆದರೆ ಫೋನು ಮಾಡುವುದೂ ಸಲೀಸಿರಲಿಲ್ಲ. ಅವರ ಆಪು ನಮ್ಮ ದೇಶದಲ್ಲಿ ಬಂದ್, ನಮ್ಮ ಆಪು ಅವರ ದೇಶದಲ್ಲಿ ಬಂದ್. ತಿರುಪ್ಪೂರಿನವನಿಗೆ ದುಂಬಾಲು ಬಿದ್ದ ಮೇಲೆ, ಮಷೀನು ಮಾಡಿದ ಕಂಪನಿಯಲ್ಲಿ ಒಬ್ಬ ಹುಡುಗಿ ಇದಾಳೆ, ಅವಳು ಹೆಂಗೋ ದಾರಿ ಮಾಡಿಕೊಂಡು ಬರತಾಳೆ, ನಾಳೆ ಮಧ್ಯಾಹ್ನ ಫೋನಿನ ಹತ್ತಿರ ಇರ್ರಿ ಅಂದ.

ಮರುದಿನ ಜಿಟಿಜಿಟಿ ಮಳೆ. ಬಳ್ಳಾರಿಗೆ ಮಳೆ ಬಂದರೆ ಊರಿಗೆ ಊರೇ ಖುಷಿ ಆಗುತ್ತದೆ, ಜೀನ್ಸಿನವರು ಬಿಟ್ಟು. ಒಗೆದ ಪ್ಯಾಂಟು ಒಣಗುವುದಿಲ್ಲ. ನಾವೆಲ್ಲ ಶೆಡ್ಡಿನಲ್ಲಿ ಫೋನಿನ ಸುತ್ತ ಕೂತಿದ್ದೆವು, ಬೀಗರು ಬರುವುದನ್ನು ಕಾಯ್ದಂಗೆ. ಫೋನು ಬಂತು. ಪರದೆ ಮೇಲೆ ಕನ್ನಡಕದ ಹುಡುಗಿ, ಎಳೇ ವಯಸ್ಸು, ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಬಾಯಿ ಒರೆಸಿಕೊಂಡಳು. ಇವಳೇ ಬೀಗ ಹಾಕಿದವಳು ಅಂತ ಅನ್ನಾಕ ನನಗೆ ಆಗಲಿಲ್ಲ. ನಮ್ಮ ಹಚ್ಚೊಳ್ಳಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರಂಗೆ ಇದ್ದಳು. ಅವಳು ಅವಳ ಮಾತು ಆಡಿದಳು, ಇನ್ನೊಂದು ಫೋನು ಅದನ್ನು ಕನ್ನಡದಲ್ಲಿ ಹೇಳಿತು, ರೇಡಿಯೋದಲ್ಲಿ ವಾರ್ತೆ ಓದುವವರಂಗೆ.

"ನಮಸ್ಕಾರ. ದಯವಿಟ್ಟು ಯಂತ್ರದ ಮುಂಭಾಗವನ್ನು ತೋರಿಸಿ."

ಮೌಲಾ ಮೆಲ್ಲಗೆ, "ನಮ್ಮ ಸಾಲಿ ಮಾಸ್ತರಗಿಂತ ಶುದ್ಧ ಐತಲ್ಲ ಅಮ್ಮಾ" ಅಂದ.

ನಾಗವೇಣಿ ಫೋನು ಹಿಡಿದು ಮಷೀನಿನ ಸುತ್ತ ನಡೆದಳು. ಹುಡುಗಿ ಪರದೆ ನೋಡಿದಳು, ಕೆಂಪು ದೀಪ ನೋಡಿದಳು. ಆಮೇಲೆ ಎಡಗಡೆ ಕಂಬದ ಹತ್ತಿರ ನಿಲ್ಲು ಅಂದಳು. ಇನ್ನೂ ಹತ್ತಿರ ಅಂದಳು.

"ಅಲ್ಲಿರುವ ಬಿಳಿ ಬಣ್ಣದ ವಸ್ತು ಏನು?"

"ವಿಭೂತಿ" ಅಂದಳು ನಾಗವೇಣಿ. ಫೋನು ಏನು ಹೇಳಿತೋ, ಹುಡುಗಿಗೆ ತಿಳಿಯಲಿಲ್ಲ. "ಬೂದಿ, ಬೂದಿ" ಅಂದಳು ಇವಳು. ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಯಂತ್ರಕ್ಕೆ ಬೆಂಕಿ ಹತ್ತಿಕೊಂಡಿತ್ತೇ?"

"ಇಲ್ಲವ್ವ, ದೇವರ ಬೂದಿ. ಪೂಜಿ ಮಾಡಿದ್ವಿ."

ಹುಡುಗಿ ಮತ್ತೆ ಕುರ್ಚಿಯಲ್ಲಿ ಕೂತಳು. ಆಮೇಲೆ ಬಲಗಡೆ ಕಂಬ ತೋರಿಸು ಅಂದಳು. ಅಲ್ಲೂ ಮೂರು ಪಟ್ಟಿ, ಮೇಲೆ ನಮ್ಮೆಲ್ಲರ ಬೆರಳಿನ ಗುರುತು. ಆ ಹುಡುಗಿಗೆ ನಗು ಬಂತು. ತಡೆದುಕೊಂಡಳು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು, ಆಮೇಲೆ ವಿವರ ಹೇಳಿದಳು. ಆ ಎರಡು ಕಂಬದಲ್ಲಿ ಕಡ್ಲಿಕಾಳಷ್ಟು ದಪ್ಪದ ಗಾಜಿನ ಕಣ್ಣು ಅದಾವೆ. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಕಾಣದ ಬೆಳಕು ಓಡುತ್ತಿರುತ್ತದೆ. ಅದಕ್ಕೆ ಏನಾದರೂ ಅಡ್ಡ ಬಂದರೆ, ಯಾರದೋ ಕೈ ಒಳಗೈತಿ ಅಂತ ಮಷೀನು ತಿಳಿದುಕೊಳ್ಳುತ್ತದೆ. ಕೈ ತೆಗೆಯುವ ತನಕ ಬೆಂಕಿ ಬಿಡುವುದಿಲ್ಲ.

"ಯಂತ್ರವು ನಿಮ್ಮ ಕೈಯನ್ನು ರಕ್ಷಿಸುತ್ತಿದೆ" ಅಂತ ಫೋನು ಹೇಳಿತು.

ಮೌಲಾ ತನ್ನ ಕತ್ತರಿ ಎಲ್ಲಿಟ್ಟೆ ಅಂತ ಹುಡುಕಾಡಾಕ ಶುರುಮಾಡಿದ. ಕತ್ತರಿ ಅವನ ಕೈಯಲ್ಲೇ ಇತ್ತು.

"ಕೇಳಪಾ ಮಾಸ್ತರ, ಬೀಗ ಎಲ್ಲೈತಿ ಅಂತ ಕೇಳು" ಅಂದೆ.

ನಾಗವೇಣಿಗೆ ಏನನ್ನಿಸಿತೋ, ಆ ಹುಡುಗಿಗೆ ನಾವು ಅಂದುಕೊಂಡದ್ದನ್ನೆಲ್ಲ ಹೇಳಿಬಿಟ್ಟಳು. ನೀವು ಅಲ್ಲಿಂದ ಬಂದ್ ಮಾಡೀರಿ ಅಂತ ಊರೆಲ್ಲ ಬೈದೀವಿ ಅಂದಳು. ಫೋನು ಅದನ್ನು ಅವಳ ಮಾತಿನಲ್ಲಿ ಹೇಳಿದಾಗ ನನಗೇ ನಾಚಿಕಿ ಆಯಿತು. ಹುಡುಗಿ ಸಿಟ್ಟಾಗಲಿಲ್ಲ. ಫೋನು ತಿರುಗಿಸಿ ತನ್ನ ಹಿಂದಿನ ಹೊಸ ಮಷೀನು ತೋರಿಸಿದಳು. ಅದಕ್ಕೆ ದೊಡ್ಡ ಕೆಂಪು ಪಟ್ಟಿಯ ಹೂವು ಕಟ್ಟಿದ್ದರು.

"ನಮ್ಮಲ್ಲಿ ಕೆಂಪು ಪಟ್ಟಿ ಕಟ್ಟುತ್ತಾರೆ. ಅದೂ ಒಮ್ಮೊಮ್ಮೆ ಕಣ್ಣಿಗೆ ಅಡ್ಡ ಬರುತ್ತದೆ. ಈ ಯಂತ್ರದ ಒಳಗೆ ಬೆಳಕು ಮಾಡುವ ಭಾಗ ಅಮೆರಿಕದಿಂದ ಬರುತ್ತದೆ. ಆದ್ದರಿಂದ ಯಂತ್ರ ನಿಂತರೆ ನಮ್ಮವರು ಮೊದಲು ಅಮೆರಿಕದವರನ್ನು ಬೈಯುತ್ತಾರೆ."

ಆಗ ಎಲ್ಲರೂ ನಕ್ಕರು. ಹೊನ್ನೂರಮ್ಮ ಕೂಡ ನಕ್ಕಳು, ಆಮೇಲೆ ತಾನು ನಗಬಾರದಿತ್ತು ಅಂತ ನೆನಪಾಗಿ ಸುಮ್ಮನಾದಳು.

ಇನ್ನು ಒರೆಸಬೇಕು. ಯಾರು ಒರೆಸುವುದು? ನಾಗವೇಣಿ ಬೆರಳು ಮುಂದೆ ಮಾಡಿ ಹಿಂದೆ ತಗೊಂಡಳು. ಮೌಲಾ ದೂರ ಸರಿದು, "ನನಗ ಹೇಳಬ್ಯಾಡ್ರಿ ಮತ್ತ. ನಾಳೆ ಮಳಿ ಹೆಚ್ಚಾದ್ರೂ ಮೌಲಾ ವಿಭೂತಿ ಒರೆಸಿದ ಅಂತೀರಿ" ಅಂದ.

"ಅಯ್ಯನೋರನ್ನ ಒಂದು ಮಾತು ಕೇಳಿ ಬರ್ಲೇನು ದೊಡ್ಡವ್ವ?"

"ಅಯ್ಯನೋರು ಶ್ರಾವಣದಾಗ ಯಾವ ಊರಾಗ ಅದಾರೋ. ಅವರು ಬರೋತನಕ ಹಡಗು ನಿಂದ್ರತೈತೇನು? ಅಲ್ಲಿದ್ದದ್ದನ್ನ ತೆಗೆದು ನಿನ್ನ ಹಣಿಗೆ ಹಚ್ಕೋ. ವಿಭೂತಿ ಇರೋದು ಹಣಿಗೆ, ಕಣ್ಣಿಗಲ್ಲ. ಜಾಗ ಬದಲಿಸಿದ್ರ ಶಿವ ಸಿಟ್ಟಾಗಂಗಿಲ್ಲ."

ಅವಳು ಬೆರಳು ನೀರಲ್ಲಿ ಅದ್ದಿ ಎಡಗಡೆಯ ಕಣ್ಣಿನ ಮೇಲಿನದನ್ನು ತೆಗೆದು ಹಣಿಗೆ ಹಚ್ಚಿಕೊಂಡಳು. ಬಲಗಡೆಯದನ್ನು ತೆಗೆದು ನನ್ನ ಹಣಿಗೆ ಹಚ್ಚಿದಳು. ಆಮೇಲೆ ಆ ಹುಡುಗಿ ಹೇಳಿದಂಗೆ ಮೆತ್ತನೆ ಬಟ್ಟೆಯಿಂದ ಗಾಜು ಸ್ವಚ್ಛ ಮಾಡಿದಳು. ಕೆಂಪು ದೀಪ ಹೋಗಿ ಹಸಿರು ಬಂತು. ಪ್ಯಾಂಟು ಹಾಸಿದಳು, ಗುಂಡಿ ಒತ್ತಿದಳು. ಬೆಳಕು ಸರ್ ಅಂತ ಓಡಿತು. ಶೆಡ್ಡಿನ ತುಂಬ ಆ ವಾಸನಿ ತುಂಬಿತು, ಮೊನ್ನೆ ನನ್ನ ಮೂಗಿಗೆ ಬಡಿದದ್ದು. ಚೀನಾದ ಹುಡುಗಿ ಹೆಬ್ಬೆರಳು ಎತ್ತಿ ತೋರಿಸಿ, ತನ್ನ ಊಟದ ಡಬ್ಬಿ ಮುಂದಕ್ಕೆ ಎಳೆದುಕೊಂಡಳು.

ಆಮೇಲಿನ ದಿನಗಳಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ. ಮಷೀನು ಸವೆಸಿದ್ದನ್ನು ತೊಳೆಯುವ ಕಡೆ ಕಳಿಸುವುದು, ಅಲ್ಲಿಂದ ಹಸಿ ಪ್ಯಾಂಟು ಬರುವುದು. ಮಳೆ ಮಾತ್ರ ಬಿಡಲಿಲ್ಲ. ಹಗರಿ ಹೊಳಿಗೆ ನೀರು ಬಂದೈತಿ ಅಂತ ಜನ ನೋಡಾಕ ಹೋದರು; ನಾವು ಒಂದು ತುಂಡು ಬಿಸಿಲಿಗಾಗಿ ಮುಗಿಲು ನೋಡುತ್ತಾ ಕೂತೆವು. ಹಡಗಿನ ದಿನ ಹತ್ತಿರ ಬಂತು, ಪ್ಯಾಂಟು ಹಿಂಡಿದರೆ ಇನ್ನೂ ನೀರು. ಆಗ ಒಂದು ಬೆಳಿಗ್ಗೆ ಹೊನ್ನೂರಮ್ಮ ಬಂದು ಏನೂ ಮಾತಾಡದೆ ಒಂದು ಹೊರೆ ಪ್ಯಾಂಟು ತಲಿ ಮೇಲೆ ಹೊತ್ತುಕೊಂಡು ನಡೆದಳು. ಎಲ್ಲಿಗೆ ಅಂದರೆ, "ನಮ್ಮ ಪಡಸಾಲ್ಯಾಗ ಫ್ಯಾನು ಐತಿ. ಗಂಡ ಮಕ್ಕಳು ಒಂದೆರಡು ದಿನ ಸೆಕೆಯಾಗ ಮಲಗಿದ್ರ ಸಾಯಂಗಿಲ್ಲ" ಅಂದಳು. ಅವಳನ್ನು ನೋಡಿ ಓಣಿಯ ಹೆಂಗಸರೆಲ್ಲ ಒಂದೊಂದು ಹೊರೆ ಒಯ್ದರು. ಯಾವ ಮನಿಗೆ ಹೋದರೂ ಫ್ಯಾನಿನ ಕೆಳಗೆ ಅಮೆರಿಕಾದ ಡೇರೆಗಳು ಜೋಲಾಡುತ್ತಿದ್ದವು, ಅದರ ಕಾಲಿನ ನಡುವೆ ಮಂದಿ ಬಗ್ಗಿ ಓಡಾಡುತ್ತಿದ್ದರು. ಮಷೀನು ನಿಂತಾಗ ಖುಷಿಪಟ್ಟವಳು ಈಗ ಯಾಕೆ ಹಿಂಗೆ ಮಾಡಿದಿ ಅಂತ ನಾನು ಹೊನ್ನೂರಮ್ಮನನ್ನು ಕೇಳಿದೆ. "ಮಷೀನಿಗೆ ಮಾಡ್ಲಿಲ್ಲಕ್ಕ. ಆ ಆಳು ಬಾಗಿಲಾಗ ನಿಂತು ಹಳೇ ಕೂಲಿ ಅಂದನಲ್ಲ, ಅದು ನನಗ ಸೇರಲಿಲ್ಲ" ಅಂದಳು.

ಮಾಲು ಹೊತ್ತಿಗೆ ಸರಿಯಾಗಿ ಹೋಯಿತು. ಹಡಗು ಹತ್ತಿತು ಅಂತ ಏಜೆಂಟ್ ಫೋಟೋ ಕಳಿಸಿದ. ಬರಬೇಕಾದ ರೊಕ್ಕ ಬಂತು. ಎರಡನೇ ಆರ್ಡರ್ ಬರಲಿಲ್ಲ. ಏಜೆಂಟ್ ಮೊದಮೊದಲು ತಡೀರಿ ಅಂದ, ಆಮೇಲೆ ಫೋನು ಎತ್ತುವುದನ್ನು ಬಿಟ್ಟ. ಆ ಕಂಪನಿಯವರು ಇನ್ನೊಂದು ದೇಶಕ್ಕೆ ಹೋದರಂತೆ. ಹೋಗಲಿ. ಕೋಣಗಳು ಮೇಯುತ್ತಾ ಮುಂದೆ ಹೋಗುವುದು ಇರುವುದೇ.

ನಾಗವೇಣಿ ಒಂದು ವಾರ ಮಂಕಾಗಿದ್ದಳು. ಅಷ್ಟರಲ್ಲಿ ದಸರಾ ಹತ್ತಿರ ಬಂತು. ಅಮೆರಿಕಾದವರು ಕೊಳ್ಳಲಿ ಬಿಡಲಿ, ನಮ್ಮ ಹುಡುಗರು ಹಬ್ಬಕ್ಕೆ ಪ್ಯಾಂಟು ಕೊಳ್ಳದೆ ಇರುವುದಿಲ್ಲ. ಪಕ್ಕದ ಓಣಿಯ ಸಣ್ಣ ಟೈಲರ್ ಒಬ್ಬ ತನ್ನ ಪ್ಯಾಂಟುಗಳನ್ನು ತಂದು, "ಅಕ್ಕ, ನಿಮ್ಮ ಮಷೀನ್ಯಾಗ ಸವೆಸಿ ಕೊಡ್ರಿ, ಕೂಲಿ ಕೊಡ್ತೀನಿ" ಅಂದ. ಅವನ ಹಿಂದೆ ಇನ್ನೊಬ್ಬ. ತೊಡೆ ಮೇಲೆ ಹುಲಿ ಮಾರಿ ಬೇಕು ಅಂತ ಒಬ್ಬ, ರೆಕ್ಕೆ ಬೇಕು ಅಂತ ಒಬ್ಬ. ಮಷೀನು ಎಲ್ಲ ಮಾಡಿತು. ದೊಡ್ಡ ದೊಡ್ಡ ದೇಶಗಳನ್ನು ನೋಡಿಕೊಂಡು ತಂದದ್ದು, ಊರಿನ ಓಣಿಗಳಿಗೆ ಉಪಯೋಗಕ್ಕೆ ಬಂತು. ತಿಕ್ಕುವ ಕೆಲಸ ಮುಗಿಯಿತು. ಹೊನ್ನೂರಮ್ಮ ಇಸ್ತ್ರಿಗೆ ನಿಂತಳು, ಇಬ್ಬರು ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಹೋದರು, ನಾನು ದಾರ ಕತ್ತರಿಸಾಕ ಕೂತೆ.

ಒಂದು ದಿನ ಬಾಗಿಲಲ್ಲಿ ಕಾರು ನಿಂತಿತು. ಇಳಿದವನು ಸಾವ್ಕಾರ. ಹಿಂದೆ ಆಳಿನ ತಲಿ ಮೇಲೆ ಪ್ಯಾಂಟಿನ ಗಂಟು. ಇಷ್ಟು ವರ್ಷದಲ್ಲಿ ಅವನು ಯಾವ ಟೈಲರ್ ಬಾಗಿಲಿಗೂ ತಾನೇ ಬಂದದ್ದು ನಾನು ಕಂಡಿರಲಿಲ್ಲ. ಒಳಗೆ ಬಂದು ಮಷೀನು ನೋಡಿದ, ನನ್ನನ್ನು ನೋಡಿದ.

"ಏನು ಹುಲಿಗೆಮ್ಮ, ನಿನ್ನ ಕೆಲಸ ಹೋತಲ್ಲ."

"ಹೋತ್ರಿ. ಕೆಮ್ಮೂ ಹೋತು" ಅಂದೆ.

ನಾಗವೇಣಿ ಕುರ್ಚಿ ಹಾಕಿದಳು. ನಾನು ಚಾ ಕೊಟ್ಟೆ. ಅವನು ಚಾ ಕುಡಿದು, ಇದನ್ನು ಇವತ್ತೇ ಮುಗಿಸಿಕೊಡು ತಾಯಿ, ಹುಬ್ಬಳ್ಳಿಗೆ ಹೋಗಬೇಕು ಅಂದ. ಕೂಲಿ ಎಷ್ಟು ಅಂತ ತಾನೇ ಹೇಳಾಕ ಬಾಯಿ ತೆರೆದ.

ನಾಗವೇಣಿ ಅವನ ಮಾತಿಗೆ ಅಡ್ಡ ಬರಲಿಲ್ಲ, ಪೂರ್ತಿ ಕೇಳಿದಳು. ಕೇಳಿ, "ಇಲ್ಲಿ ಕೂಲಿ ಎಲ್ಲರಿಗೂ ಒಂದೇ ಐತ್ರಿ ಸಾವ್ಕಾರ್ರ, ಮೌಲಾ ಮಾಸ್ತರ ಹೇಳ್ತಾನ. ಇವತ್ತಿನ ಪಾಳಿ ಮುಗಿದೈತಿ. ನಾಳಿದ್ದು ಬರ್ರಿ" ಅಂದಳು.

ಅವನು ನಾಳಿದ್ದು ಬಂದ.